ಯಾರ ಬಾಯಿಂದ, ಯಾವ ನುಡಿಯಲ್ಲಿ: ಅಂಚೆಟ್ಟಿ ಸೀಮೆಯಲ್ಲಿ ಮಾತಿನ ಪ್ರಭಾವ

ಮೂರು ನುಡಿಯ ಬೆಟ್ಟನಾಡು

ತಮಿಳುನಾಡಿನ ಡೆಂಕಣಿಕೋಟೆಯಿಂದ ಹೊಗೇನಕಲ್ ಕಡೆಗೆ ಹೋಗುವ ಕಾಡುದಾರಿಯಲ್ಲಿ ಅಂಚೆಟ್ಟಿ ಸಿಗುತ್ತದೆ. ಹಿಂದೆ ಡೆಂಕಣಿಕೋಟೆ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ತಾಲ್ಲೂಕು ಕೇಂದ್ರ. ಸುತ್ತ ಮೇಲಗಿರಿ ಬೆಟ್ಟಸಾಲು, ಕಾವೇರಿ ಉತ್ತರ ವನ್ಯಜೀವಿಧಾಮ, ರಾಗಿ ಹೊಲಗಳು. ಜನ ಮನೆಯಲ್ಲಿ ಕನ್ನಡ ಆಡುತ್ತಾರೆ, ಕಚೇರಿಗೆ ಹೋದರೆ ತಮಿಳು, ಸಂತೆಗೆ ಹೋದರೆ ತೆಲುಗೂ ಕಿವಿಗೆ ಬೀಳುತ್ತದೆ. 2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಕನ್ನಡ ಮನೆಮಾತಿನವರು ಸುಮಾರು 12.8 ಲಕ್ಷ. ಅವರಲ್ಲಿ ಹಲವರು ಇಂಥ ಗಡಿಸೀಮೆಯವರು.

ಮಾತು ಮನಸ್ಸನ್ನು ಹೇಗೆ ಒಲಿಸುತ್ತದೆ ಎಂದು ತಿಳಿಯಲು ಇಂಥ ಊರು ಒಳ್ಳೆಯ ಜಾಗ. ಒಂದೇ ವಿಷಯ ಇಲ್ಲಿ ಬೇರೆ ಬೇರೆ ನುಡಿಯಲ್ಲಿ, ಬೇರೆ ಬೇರೆ ಬಾಯಿಂದ ಬರುತ್ತದೆ; ಫಲವೂ ಬೇರೆಯಾಗುತ್ತದೆ.

ಹೇಳುವವರು ಯಾರು?

ಗ್ರೀಕ್ ಚಿಂತಕ ಅರಿಸ್ಟಾಟಲ್ ಒಲಿಸುವ ಮಾತಿಗೆ ಮೂರು ಆಧಾರ ಹೇಳಿದ: ಆಡುವವನ ಮೇಲಿನ ನಂಬಿಕೆ, ಕೇಳುವವರ ಭಾವನೆ, ಮಾತಿನೊಳಗಿನ ತರ್ಕ. ಇವುಗಳಲ್ಲಿ ಮೊದಲನೆಯದೇ ಹಳ್ಳಿಗಳಲ್ಲಿ ಬಲವಾದದ್ದು ಎಂದು ನನಗೆ ಅನ್ನಿಸುತ್ತದೆ.

ಅಮೆರಿಕದಲ್ಲಿ 1940ರ ಚುನಾವಣೆಯ ಹೊತ್ತಿಗೆ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಒಹಾಯೊ ರಾಜ್ಯದ ಈರಿ ಕೌಂಟಿಯ ಮತದಾರರನ್ನು ತಿಂಗಳುಗಟ್ಟಲೆ ಮಾತನಾಡಿಸಿದರು. ರೇಡಿಯೊ, ಪತ್ರಿಕೆಗಳು ಜನರನ್ನು ನೇರವಾಗಿ ಬದಲಿಸುವುದು ಕಡಿಮೆ ಎಂದು ಅವರಿಗೆ ಕಂಡಿತು. ಸುದ್ದಿ ಮೊದಲು ಊರಿನಲ್ಲಿ ನಾಲ್ಕು ಜನ ಕೇಳುವಂಥ ಒಬ್ಬರಿಗೆ ಮುಟ್ಟುತ್ತದೆ, ಅವರಿಂದ ಉಳಿದವರಿಗೆ ಹೋಗುತ್ತದೆ. 1944ರಲ್ಲಿ ಪ್ರಕಟವಾದ ಈ ತಿಳಿವಳಿಕೆ ಬೆಟ್ಟದ ಹಳ್ಳಿಗಳವರಿಗೆ ಹೊಸದೇನಲ್ಲ. ಇಲ್ಲಿ ಊರ ಹಿರಿಯರು ಹೂಂ ಎನ್ನುವ ತನಕ ಯಾವ ಯೋಜನೆಯೂ ಮನೆಯೊಳಕ್ಕೆ ಬರುವುದಿಲ್ಲ.

ಬಂದೂಕು ಒಪ್ಪಿಸಿದ ಹಳ್ಳಿಗಳು

ಈಚಿನ ವರ್ಷಗಳಲ್ಲಿ ಹೊಸೂರು ಅರಣ್ಯ ವಿಭಾಗದವರು ಕಾಡಂಚಿನ ಹಳ್ಳಿಗಳಲ್ಲಿ ಪರವಾನಗಿ ಇಲ್ಲದ ನಾಡಬಂದೂಕುಗಳನ್ನು ಕೆಳಗಿಡಿಸಲು ಪ್ರಚಾರ ನಡೆಸಿದರು. ತಾವಾಗಿ ತಂದೊಪ್ಪಿಸಿದರೆ ಕೇಸಿಲ್ಲ ಎಂದರು. ಊರ ಮುಖಂಡರನ್ನು ನಡುವೆ ಇಟ್ಟುಕೊಂಡರು. ಬಂದೂಕುಗಳು ಬಂದವು.

ಇಟ್ಟುಕೊಂಡರೆ ಜೈಲು ಎಂದು ಹೆದರಿಸಿದರೆ ಬಂದೂಕು ಇನ್ನೂ ಆಳಕ್ಕೆ ಅಡಗುತ್ತದೆ. ಕೊಟ್ಟರೆ ಬಿಡುಗಡೆ ಎಂದರೆ ಹೊರಕ್ಕೆ ಬರುತ್ತದೆ. ಮಾತಿನ ಮುಖ ತಿರುಗಿದರೆ ತೀರ್ಮಾನವೂ ತಿರುಗುತ್ತದೆ ಎಂಬುದನ್ನು ಏಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನಮನ್ 1981ರಲ್ಲಿ ತೋರಿಸಿಕೊಟ್ಟರು. ಒಂದು ರೋಗದಿಂದ 600 ಜನ ಸಾಯಬಹುದು ಎಂದುಕೊಳ್ಳಿ ಎಂದು ವಿದ್ಯಾರ್ಥಿಗಳಿಗೆ ಹೇಳಿ, ಎರಡು ದಾರಿ ಮುಂದಿಟ್ಟರು. ಮೊದಲನೆಯದರಲ್ಲಿ 200 ಜನ ಖಂಡಿತ ಉಳಿಯುತ್ತಾರೆ ಎಂದಾಗ ಶೇಕಡ 72 ಮಂದಿ ಅದನ್ನೇ ಆರಿಸಿದರು. ಅದೇ ದಾರಿಯನ್ನು 400 ಜನ ಖಂಡಿತ ಸಾಯುತ್ತಾರೆ ಎಂದು ಇನ್ನೊಂದು ಗುಂಪಿಗೆ ಹೇಳಿದಾಗ ಆರಿಸಿದವರು ಶೇಕಡ 22 ಮಾತ್ರ. ಲೆಕ್ಕ ಒಂದೇ, ಹೇಳಿದ ರೀತಿ ಬೇರೆ.

ಮನೆಮಾತು ಮತ್ತು ಮತ

ಅಂಚೆಟ್ಟಿ ತಳಿ ವಿಧಾನಸಭಾ ಕ್ಷೇತ್ರಕ್ಕೆ ಸೇರುತ್ತದೆ. ಮನೆಮಾತಿನಲ್ಲಿ ಮತ ಕೇಳುವವರಿಗೆ ಜನ ಬೇಗ ಕಿವಿಗೊಡುತ್ತಾರೆ, ಅದು ಸಹಜ. ಆದರೆ ಕಾನೂನು ಒಂದು ಗೆರೆ ಎಳೆದಿದೆ. ಕನ್ನಡದಲ್ಲಿ ಮತ ಕೇಳಬಹುದು. ಕನ್ನಡಿಗ ಎಂಬ ಕಾರಣಕ್ಕೆ ಮತ ಹಾಕಿ ಎಂದು ಕೇಳುವಂತಿಲ್ಲ. 1951ರ ಜನಪ್ರತಿನಿಧಿ ಕಾಯ್ದೆಯ 123(3)ನೇ ಕಲಮು ಧರ್ಮ, ಜಾತಿಗಳ ಜತೆಗೆ ಭಾಷೆಯ ಹೆಸರಿನಲ್ಲಿ ಮತ ಕೇಳುವುದನ್ನೂ ಭ್ರಷ್ಟ ಆಚರಣೆ ಎನ್ನುತ್ತದೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, 4:3ರ ಬಹುಮತದಿಂದ, ಅಭ್ಯರ್ಥಿಯದಷ್ಟೇ ಅಲ್ಲ, ಮತದಾರರ ಭಾಷೆಯ ಹೆಸರೂ ಇದಕ್ಕೆ ಒಳಪಡುತ್ತದೆ ಎಂದು ಹೇಳಿತು.

ಸರ್ಕಾರದ ಮಾತಿನದು ಬೇರೆ ಕಥೆ. 2006ರ ತಮಿಳು ಕಲಿಕೆ ಕಾಯ್ದೆಯಿಂದ ಮಕ್ಕಳು ಒಂದನೇ ತರಗತಿಯಿಂದ ತಮಿಳು ಓದುತ್ತಾರೆ. ಅವರ ಅಜ್ಜಿಯಂದಿರಲ್ಲಿ ಎಷ್ಟೋ ಜನಕ್ಕೆ ಗೋಡೆಯ ಮೇಲಿನ ತಮಿಳು ಸೂಚನೆ ಓದಲು ಬರುವುದಿಲ್ಲ. ಒಂದು ಪ್ರದೇಶದಲ್ಲಿ ಶೇಕಡ 15ಕ್ಕೆ ಕಡಿಮೆಯಿಲ್ಲದ ಜನ ಅಲ್ಪಸಂಖ್ಯಾತ ಭಾಷೆಯವರಾಗಿದ್ದರೆ ಮುಖ್ಯ ಪ್ರಕಟಣೆಗಳನ್ನು ಅವರ ನುಡಿಯಲ್ಲೂ ಹೊರಡಿಸಬೇಕು ಎಂಬುದು ಭಾಷಾ ಅಲ್ಪಸಂಖ್ಯಾತರಿಗೆ ಒಪ್ಪಿಕೊಂಡಿರುವ ರಕ್ಷಣೆಗಳಲ್ಲಿ ಒಂದು. ಆರೋಗ್ಯ, ಆನೆ ಹಾವಳಿ, ಮಕ್ಕಳ ರಕ್ಷಣೆ ಇವುಗಳ ವಿಷಯದಲ್ಲಾದರೂ ಅದನ್ನು ಅಕ್ಷರಶಃ ಪಾಲಿಸಲೇಬೇಕು.

ಒಂದು ಮದುವೆ ಮಾತುಕತೆಯೊಳಗೆ

2025ರ ಮಾರ್ಚ್‌ನಲ್ಲಿ ಅಂಚೆಟ್ಟಿ ಬಳಿಯ ಬೆಟ್ಟದ ಹಳ್ಳಿಯೊಂದರ 14 ವರ್ಷದ ಹುಡುಗಿಯನ್ನು ಮದುವೆ ಮಾಡಿ, ಆಕೆ ಒಲ್ಲೆನೆಂದು ಅಳುತ್ತಿದ್ದರೂ ಹೊತ್ತುಕೊಂಡು ಹೋದ ದೃಶ್ಯ ಮೊಬೈಲುಗಳಲ್ಲಿ ಹರಿದಾಡಿತು. ಪೊಲೀಸರು ಕೇಸು ಹಾಕಿ ಬಂಧಿಸಿದರು. ಆ ಬಲಾತ್ಕಾರ ಎಲ್ಲರಿಗೂ ಕಂಡಿತು. ಆದರೆ ಇಂಥ ಮದುವೆಗಳು ಹೆಚ್ಚಾಗಿ ಮೆಲುದನಿಯ ಮಾತುಗಳಿಂದಲೇ ನಡೆದುಹೋಗುತ್ತವೆ.

ಆ ಮಾತುಗಳು ಎಲ್ಲರೂ ಕೇಳಿದವೇ. "ಒಳ್ಳೆ ಸಂಬಂಧ, ಈಗ ಬಿಟ್ರೆ ಮತ್ತೆ ಸಿಗಲ್ಲ." "ನಮ್ಮ ಕಡೆ ಎಲ್ರೂ ಹೀಗೇ ಮಾಡಿರೋದು." "ಅವರು ಕಷ್ಟಕಾಲದಲ್ಲಿ ನಮಗಾದೋರು." "ಮಾವನಿಗೆ ಮಾತು ಕೊಟ್ಟಾಗಿದೆ." "ಹಿರೀರು ಹೇಳಿದ ಮೇಲೆ ಇನ್ನೇನು?" ಮನಶ್ಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡಿನಿ 1984ರ ತನ್ನ ಪುಸ್ತಕದಲ್ಲಿ ಜನರನ್ನು ಒಪ್ಪಿಸುವ ಆರು ತಂತ್ರಗಳನ್ನು ಗುರುತಿಸಿದ. ಸಿಗದೇ ಹೋಗಬಹುದೆಂಬ ಭಯ, ನಾಲ್ಕು ಜನ ಮಾಡಿದ್ದಾರೆಂಬ ಸಮಾಧಾನ, ಉಪಕಾರದ ಋಣ, ಕೊಟ್ಟ ಮಾತಿನ ಕಟ್ಟು, ಹಿರಿಯರ ಅಧಿಕಾರ, ಬೇಕಾದವರ ಮೇಲಿನ ಪ್ರೀತಿ. ಆತ ಮಾರಾಟಗಾರರು, ಚಂದಾ ಎತ್ತುವವರ ನಡುವೆ ಕಂಡದ್ದೆಲ್ಲ ಈ ಒಂದು ಜಗಲಿಯ ಮೇಲೆ, ಒಂದೇ ಸಂಜೆಯಲ್ಲಿ ನಡೆಯುತ್ತದೆ. ಹುಡುಗಿಯ ಒಪ್ಪಿಗೆ ಮಾತ್ರ ಆ ಮಾತುಕತೆಯಲ್ಲಿ ಬರುವುದಿಲ್ಲ.

ಇದಕ್ಕೆ ಎದುರು ಮಾತು ಹೂಡುವವರು ಕಾನೂನು ಓದಿ ಹೇಳಿದರಷ್ಟೇ ಸಾಲದು. ಅಂಗನವಾಡಿ ಕಾರ್ಯಕರ್ತೆ, ಕನ್ನಡ ಬಲ್ಲ ಶಾಲಾ ಶಿಕ್ಷಕಿ, ಓದು ಮುಗಿಸಿ ಕೆಲಸಕ್ಕೆ ಹೋಗುತ್ತಿರುವ ಅದೇ ಊರಿನ ಹೆಣ್ಣುಮಗಳು ಬಂದು ಕೂತು ಮಾತನಾಡಿದರೆ ತಾಯಿ ಕೇಳುತ್ತಾಳೆ. "ನಮ್ಮ ಕಡೆ ಎಲ್ರೂ ಹೀಗೇ" ಎಂಬ ಮಾತಿಗೆ ಆ ಹೆಣ್ಣುಮಗಳೇ ಉತ್ತರ.

ಮತ್ತೆ ಮತ್ತೆ ಕೇಳಿದ್ದು

ಸುಳ್ಳನ್ನೂ ಹಲವು ಸಲ ಕೇಳಿದರೆ ನಿಜವೆನ್ನಿಸತೊಡಗುತ್ತದೆ. 1977ರಲ್ಲೇ ಪ್ರಯೋಗಗಳು ಇದನ್ನು ತೋರಿಸಿದ್ದವು. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ವದಂತಿ ಗಡಿಯ ಎರಡೂ ಕಡೆ ಜೀವ ತೆಗೆಯಿತು. ತಿರುವಣ್ಣಾಮಲೈ ಜಿಲ್ಲೆಯಲ್ಲಿ ದೇವರ ದರ್ಶನಕ್ಕೆ ಹೊರಟಿದ್ದ ವೃದ್ಧೆಯನ್ನೂ, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ಯುವಕನನ್ನೂ ಜನ ಹೊಡೆದು ಕೊಂದರು. ಆ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಮಾತ್ರ ದಾಟಿಸುವ ಮಿತಿ ಹಾಕಿತು.

ಕೇಳುವವರ ಕೈಯಲ್ಲಿ

ಒಳ್ಳೆಯ ಉದ್ದೇಶದ ಮಾತು ಯೋಚಿಸಲು ಹೊತ್ತು ಕೊಡುತ್ತದೆ. ಈಗಲೇ, ಇವತ್ತೇ, ಯಾರಿಗೂ ಹೇಳಬೇಡಿ ಎಂದು ಒತ್ತಾಯಿಸುವ ಮಾತು ಮನೆಮಾತಿನಲ್ಲೇ ಬಂದರೂ, ನಂಟರ ಬಾಯಿಂದಲೇ ಬಂದರೂ ಒಂದು ರಾತ್ರಿ ತಡೆದು ನೋಡಿ. ಹುಡುಗಿಯೊಬ್ಬಳ ಮದುವೆ 18 ತುಂಬುವ ಮೊದಲೇ ನಿಶ್ಚಯವಾಗಿದೆಯೆಂದು ತಿಳಿದರೆ 1098ಕ್ಕೆ, ಮೊಬೈಲಿನ ಮಾತು ನಂಬಿ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.