ಬ್ರಿಟನ್ನಿನ ಕಾರ್ಮಿಕ ನ್ಯಾಯಮಂಡಲಿಗಳು ಮತ್ತು ಕಾಲಮಿತಿ

ಬ್ರಿಟನ್ನಿನ ಕೈಗಾರಿಕಾ ನ್ಯಾಯಮಂಡಲಿಗಳು 1964ರ ಶಾಸನದಿಂದ ಹುಟ್ಟಿದುವು. ಅನ್ಯಾಯವಾದ ವಜಾದ ವಿರುದ್ಧ ಅಲ್ಲಿ ಪರಿಹಾರ ಬೇಡುವ ಹಕ್ಕು ಕಾರ್ಮಿಕನಿಗೆ ದೊರೆತುದು 1971ರ ಕೈಗಾರಿಕಾ ಸಂಬಂಧಗಳ ಕಾಯಿದೆಯಿಂದ. ಆದರೆ ದೂರು ಸಲ್ಲಿಸಲು ಇದ್ದ ಅವಧಿ ನಾಲ್ಕೇ ವಾರ. ಈ ಮಿತಿಯ ಕಾಠಿಣ್ಯ 1973ರ ಡೆಡ್ಮನ್ ಪ್ರಕರಣದಲ್ಲಿ ವ್ಯಕ್ತವಾಯಿತು. ವಜಾಗೊಂಡವನು ಅವಧಿಯೊಳಗೇ ವಕೀಲರನ್ನು ಕಂಡಿದ್ದನು. ಅವರು ಗಡುವನ್ನು ತಿಳಿಸಲಿಲ್ಲ. ಸಲಹೆಗಾರರ ತಪ್ಪಿನ ಫಲವನ್ನು ಕಕ್ಷಿಗಾರನೇ ಅನುಭವಿಸಬೇಕೆಂದು ಮೇಲ್ಮನವಿ ನ್ಯಾಯಾಲಯ ತೀರ್ಮಾನವಿತ್ತಿತು. 1974ರ ಶಾಸನ ಅವಧಿಯನ್ನು ಮೂರು ತಿಂಗಳಿಗೆ ಏರಿಸಿತು. ಆರು ತಿಂಗಳಿಗೆ ಏರಿಸಲು ಅವಕಾಶವಾದುದು 2025ರ ಕಾಯಿದೆಯಲ್ಲಿ. ಕರ್ನಾಟಕದ 1988ರ ತಿದ್ದುಪಡಿಯಾದರೋ, ವಜಾಗೊಂಡ ಕಾರ್ಮಿಕನು ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು ಆಗಲೇ ಆರು ತಿಂಗಳನ್ನಿತ್ತಿತ್ತು. ಹಕ್ಕಿನ ಚರಿತ್ರೆಯನ್ನು ಬರೆಯುವವರು ಅದರ ಗಡುವನ್ನೂ ಓದತಕ್ಕದ್ದು.