ಮನೆ ಕಟ್ಟೋರಿಗೆ ಲೈಸೆನ್ಸ್ ಯಾಕೆ ಬೇಡ? 4 ಸಾವಿರ ವರ್ಷದ ಒಂದು ಜಗಳ

ಇವತ್ತು ಒಂದು ಸರಳ ಪ್ರಶ್ನೆ. ಬೈಕ್ ಓಡಿಸೋಕೆ ಲೈಸೆನ್ಸ್ ಬೇಕು. ಮನೆಗೆ ವೈರಿಂಗ್ ಮಾಡೋ ಕಂಟ್ರಾಕ್ಟರ್‌ಗೂ ಲೈಸೆನ್ಸ್ ಬೇಕು. ಆದ್ರೆ ಅದೇ ಮನೆಗೆ ಪಾಯ ತೋಡಿ, ಕಂಬ ನಿಲ್ಲಿಸಿ, ಮೋಲ್ಡ್ ಹಾಕೋ ಕಂಟ್ರಾಕ್ಟರ್‌ಗೆ? ಪರೀಕ್ಷೆ ಬರೆದು ಪಡೆಯಬೇಕಾದ ಲೈಸೆನ್ಸ್ ಅಂತ ನಮ್ಮಲ್ಲಿ ಇಲ್ಲ.

ಈ ಜಗಳ ಬಹಳ ಹಳೇದು. ಸುಮಾರು 3,700 ವರ್ಷಗಳ ಹಿಂದೆ ಬ್ಯಾಬಿಲೋನಿನ ರಾಜ ಹಮ್ಮುರಾಬಿ ಕಲ್ಲಿನ ಮೇಲೆ ಕಾನೂನು ಕೆತ್ತಿಸಿದ. ಕಟ್ಟಿದ ಮನೆ ಕುಸಿದು ಮಾಲೀಕ ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಸಾಮಾನು ಹಾಳಾದರೆ ಅದನ್ನು ತುಂಬಿಕೊಟ್ಟು, ಸ್ವಂತ ಖರ್ಚಿನಲ್ಲಿ ಮನೆಯನ್ನೂ ಮತ್ತೆ ಕಟ್ಟಿಕೊಡಬೇಕು. ಕ್ರೂರ, ನಿಜ. ಆದ್ರೆ ನಾನು ಗಮನಿಸಿದ್ದು ಬೇರೆ: ಇದೆಲ್ಲ ಮನೆ ಬಿದ್ದ ಮೇಲಿನ ಮಾತು. ಕಟ್ಟೋಕೆ ಮುಂಚೆ ‘ನಿನಗೆ ಕೆಲಸ ಬರುತ್ತಾ?’ ಅಂತ ಕೇಳೋರಿಲ್ಲ.

ಆ ಪ್ರಶ್ನೆ ಕೇಳುತ್ತಿದ್ದದ್ದು ಯುರೋಪಿನ ಕಸುಬುದಾರರ ಸಂಘಗಳು. ಆದ್ರೆ ಅಲ್ಲೊಂದು ತೊಡಕಿತ್ತು. ಸಂಘದವರು ಹೊರಗಿನವರನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. 1666ರಲ್ಲಿ ಲಂಡನ್ ಸುಟ್ಟುಹೋದಾಗ ಕೈಗಳೇ ಸಾಲಲಿಲ್ಲ. ಮರುವರ್ಷದ ಕಾನೂನು ಹೊರ ಊರಿನ ಬಡಗಿ, ಗಾರೆಯವರಿಗೆ ಬಾಗಿಲು ತೆರೆಯಿತು. ಜೊತೆಗೆ, ಗೋಡೆ ಮರದ್ದಲ್ಲ, ಇಟ್ಟಿಗೆ ಅಥವಾ ಕಲ್ಲಿನದ್ದೇ ಆಗಿರಬೇಕು ಅಂತ ಕಟ್ಟುನಿಟ್ಟು ಮಾಡಿತು.

ಲೈಸೆನ್ಸ್‌ಗೆ ಆಧುನಿಕ ರೂಪ ಕೊಟ್ಟ ಜಾಗಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಒಂದು. 1929ರಲ್ಲೇ ಅಲ್ಲಿ ಕಂಟ್ರಾಕ್ಟರ್ ಲೈಸೆನ್ಸ್ ವ್ಯವಸ್ಥೆ ಬಂತು. ಇವತ್ತು ಅಲ್ಲಿ ಲೈಸೆನ್ಸ್ ಇಲ್ಲದೆ ಕೆಲಸ ಮಾಡಿದವರು, ಬಾಕಿ ದುಡ್ಡು ಕೊಡಿಸಿ ಅಂತ ಕೋರ್ಟಿಗೆ ಹೋದ್ರೂ ಸಿಗಲ್ಲ. ಲೈಸೆನ್ಸ್‌ಗೆ ಡಿಗ್ರಿಯೇ ಬೇಕು ಅಂತೇನಿಲ್ಲ. 4 ವರ್ಷ ಕೆಲಸ ಮಾಡಿದ ಅನುಭವ ಮತ್ತು ಪರೀಕ್ಷೆ ಮುಖ್ಯ.

ಈಗ ನಮ್ಮೂರಿಗೆ ಬರೋಣ. 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಮೆಜೆಸ್ಟಿಕ್ ಹತ್ತಿರ, ಕಟ್ಟುತ್ತಿದ್ದ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ಮತ್ತೆ ಅದೇ ಕಥೆ.

ಈ ಎರಡರ ನಡುವೆ, 2016ರಲ್ಲಿ ರೇರಾ ಕಾಯ್ದೆ ಬಂತು. ಕಟ್ಟಡದ ರಚನೆಯಲ್ಲಿ 5 ವರ್ಷದೊಳಗೆ ದೋಷ ಕಂಡರೆ ಬಿಲ್ಡರ್ ಪುಕ್ಕಟೆಯಾಗಿ ಸರಿಮಾಡಬೇಕು. ಒಳ್ಳೇದೇ. ಆದ್ರೆ ಅದು ಮಾರಾಟಕ್ಕೆ ಕಟ್ಟೋ ಯೋಜನೆಗಳಿಗೆ. ನಿಮ್ಮಪ್ಪ ಸಾಲ ಮಾಡಿ ಮೂವತ್ತು ನಲವತ್ತು ಸೈಟಲ್ಲಿ ಕಟ್ಟಿಸೋ ಮನೆ ಅದರ ಲೆಕ್ಕಕ್ಕೇ ಬರಲ್ಲ.

ಹಾಗಂತ ನಾಳೆನೇ ಲೈಸೆನ್ಸ್ ಕಡ್ಡಾಯ ಮಾಡಿಬಿಟ್ಟರೆ? ಮೂವತ್ತು ವರ್ಷದಿಂದ ಕರಣೆ ಹಿಡಿದ, ಇಂಗ್ಲಿಷ್ ಫಾರಂ ತುಂಬೋಕೆ ಬಾರದ ಮೇಸ್ತ್ರಿ ಹೊರಗಾಗ್ತಾರೆ. ದುಡ್ಡು ಕೊಟ್ಟು ಕಾರ್ಡ್ ಮಾಡಿಸಿದವನು ಒಳಗೆ ಬರ್ತಾನೆ. ಲಂಡನ್ ಕಲಿಸಿದ ಪಾಠ ಇದೇ. ನನ್ನ ಪ್ರಕಾರ ಲೈಸೆನ್ಸ್ ಬೇಕು, ಆದ್ರೆ ಪರೀಕ್ಷೆ ಕನ್ನಡದಲ್ಲಿರಲಿ, ಕೆಲಸದ ಜಾಗದಲ್ಲೇ ನಡೆಯಲಿ, ಕೈಕೆಲಸ ನೋಡಿ ಕೊಡಲಿ.

ಅಲ್ಲಿವರೆಗೆ? ಮಾತುಕತೆಯನ್ನ ಅಗ್ರಿಮೆಂಟ್‌ನಲ್ಲಿ ಬರೆಸಿಕೊಳ್ಳಿ. ಕಬ್ಬಿಣ ಕಟ್ಟಿದ ಮೇಲೆ, ಕಾಂಕ್ರೀಟ್ ಸುರಿಯೋ ಮುಂಚೆ, ಒಬ್ಬ ಎಂಜಿನಿಯರ್‌ಗೆ ತೋರಿಸಿ. ಒಮ್ಮೆ ಸುರಿದ ಮೇಲೆ ಒಳಗೇನಿದೆ ಅಂತ ಯಾರ ಕಣ್ಣಿಗೂ ಕಾಣಲ್ಲ.