112: ಒಂದೇ ಸಂಖ್ಯೆ ಸುಲಭ, ಒಂದೇ ಕೇಂದ್ರ ಕಷ್ಟ, ತುರ್ತು ಕರೆಯ ಹಿಂದಿನ ವ್ಯವಸ್ಥೆ ಹೇಗಿದೆ?

ಪೊಲೀಸರಿಗೆ 100, ಅಗ್ನಿಶಾಮಕ ದಳಕ್ಕೆ 101, ಆಂಬುಲೆನ್ಸ್‌ಗೆ 102 ಅಥವಾ 108, ಮಹಿಳಾ ಸಹಾಯವಾಣಿಗೆ 181 ಅಥವಾ 1091, ಮಕ್ಕಳ ಸಹಾಯವಾಣಿಗೆ 1098. ಗಾಬರಿಯ ಹೊತ್ತಿನಲ್ಲಿ ಇಷ್ಟೊಂದು ಸಂಖ್ಯೆ ನೆನಪಿಟ್ಟುಕೊಳ್ಳುವ ತಾಪತ್ರಯ ತಪ್ಪಿಸಲು ಬಂದದ್ದು 112. ಈಗ ಇದು ದೇಶದ ಎಲ್ಲ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಜಾರಿಯಲ್ಲಿದೆ. ಆದರೆ ಈ ಕರೆ ಎಲ್ಲಿಗೆ ಹೋಗುತ್ತದೆ? ಯಾರು ಸ್ವೀಕರಿಸುತ್ತಾರೆ? ಮುಂಬೈನಲ್ಲಿರುವವರು ಹುಬ್ಬಳ್ಳಿಯಲ್ಲಿರುವ ತಂದೆ-ತಾಯಿಗಾಗಿ 112ಕ್ಕೆ ಕರೆ ಮಾಡಿದರೆ ನೆರವು ಸಿಗುತ್ತದೆಯೇ? ಇಲ್ಲಿದೆ ಮಾಹಿತಿ.

ಎಲ್ಲಿಂದ ಶುರುವಾಯಿತು?

ತುರ್ತು ಕರೆಗೆ ಒಂದೇ ಸಂಖ್ಯೆ ಎಂಬ ಯೋಚನೆ ಹೊಸದಲ್ಲ. 1935ರಲ್ಲಿ ಲಂಡನ್‌ನ ವಿಂಪೋಲ್ ಸ್ಟ್ರೀಟ್‌ನ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಮಹಿಳೆಯರು ಮೃತಪಟ್ಟರು. ಅಗ್ನಿಶಾಮಕ ದಳಕ್ಕೆ ತಿಳಿಸಲು ಯತ್ನಿಸಿದ ನೆರೆಮನೆಯವರ ಕರೆ ದೂರವಾಣಿ ವಿನಿಮಯ ಕೇಂದ್ರದ ಸರದಿಯಲ್ಲೇ ಉಳಿದಿತ್ತು. ಈ ದುರಂತದ ಬಳಿಕ 1937ರಲ್ಲಿ ಅಲ್ಲಿ 999 ಸೇವೆ ಆರಂಭವಾಯಿತು. ಅಮೆರಿಕದಲ್ಲಿ 911ರ ಮೊದಲ ಕರೆ 1968ರ ಫೆಬ್ರುವರಿ 16ರಂದು ಅಲಬಾಮಾದ ಹೇಲಿವಿಲ್ ಪಟ್ಟಣದಿಂದ ಹೋಯಿತು. ಯುರೋಪ್ 1991ರಲ್ಲಿ 112 ಅನ್ನು ಸಮಾನ ತುರ್ತು ಸಂಖ್ಯೆಯಾಗಿ ಒಪ್ಪಿಕೊಂಡಿತು.

ಭಾರತದಲ್ಲಿ 2012ರ ಡಿಸೆಂಬರ್‌ನ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ ಈ ಬೇಡಿಕೆಗೆ ಬಲ ಬಂತು. 2013ರಲ್ಲಿ ನಿರ್ಭಯಾ ನಿಧಿ ಸ್ಥಾಪನೆಯಾಯಿತು. 2015ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, 112 ಅನ್ನು ಏಕೈಕ ತುರ್ತು ಸಂಖ್ಯೆಯಾಗಿಸಲು ಶಿಫಾರಸು ಮಾಡಿತು. ನಿರ್ಭಯಾ ನಿಧಿಯಡಿ 321.69 ಕೋಟಿ ರೂ. ವೆಚ್ಚದ ಈ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಇದೇ ತುರ್ತು ಸ್ಪಂದನಾ ವ್ಯವಸ್ಥೆ ಅಥವಾ ಇಆರ್‌ಎಸ್‌ಎಸ್. ಇದರ ತಂತ್ರಜ್ಞಾನದ ಹೊಣೆ ಸಿ-ಡ್ಯಾಕ್ ಸಂಸ್ಥೆಯದ್ದು. 2018ರ ನವೆಂಬರ್ 28ರಂದು ಹಿಮಾಚಲ ಪ್ರದೇಶ ಈ ಸೇವೆ ಆರಂಭಿಸಿದ ಮೊದಲ ರಾಜ್ಯವಾಯಿತು. ಉತ್ತರ ಪ್ರದೇಶ 2016ರಲ್ಲೇ ಲಖನೌದಲ್ಲಿ ಇಡೀ ರಾಜ್ಯಕ್ಕೆ ಒಂದೇ 'ಡಯಲ್ 100' ಕೇಂದ್ರ ಕಟ್ಟಿತ್ತು. 2019ರ ಅಕ್ಟೋಬರ್‌ನಲ್ಲಿ ಅದೂ 112 ಆಯಿತು.

ಕರೆ ಮಾಡಿದ ನಂತರ ಏನಾಗುತ್ತದೆ?

ಕರೆ ಮೊದಲು ಆಯಾ ರಾಜ್ಯದ ತುರ್ತು ಸ್ಪಂದನಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಎರಡು ಬಗೆಯ ಸಿಬ್ಬಂದಿ ಇರುತ್ತಾರೆ. ಕರೆ ಸ್ವೀಕರಿಸುವವರು ಏನಾಗಿದೆ, ಎಲ್ಲಿ ಆಗಿದೆ ಎಂದು ಕೇಳಿ ಕಂಪ್ಯೂಟರ್‌ನಲ್ಲಿ ದಾಖಲಿಸುತ್ತಾರೆ. ವಾಹನ ರವಾನಿಸುವವರು ನಕ್ಷೆ ನೋಡಿ, ಹತ್ತಿರದಲ್ಲಿರುವ ವಾಹನಕ್ಕೆ ಸೂಚನೆ ಕೊಡುತ್ತಾರೆ. ವಾಹನದಲ್ಲಿರುವ ಟ್ಯಾಬ್‌ನಂಥ ಉಪಕರಣಕ್ಕೆ ಸ್ಥಳದ ವಿವರ ಬರುತ್ತದೆ. ಬೆಂಗಳೂರಿನಲ್ಲಿ ಹೀಗೆ ಸೂಚನೆ ಪಡೆದು ಹೊರಡುವುದು ಹೊಯ್ಸಳ ವಾಹನ.

ಕಟ್ಟಡ ಕಟ್ಟಿದರೆ ಸಾಕೇ?

ಸಾಲದು. ಕಟ್ಟಡ ಮತ್ತು ಕಂಪ್ಯೂಟರ್ ಒಮ್ಮೆ ಮಾಡುವ ಖರ್ಚು. ಸಿಬ್ಬಂದಿಯ ವೇತನ ನಿರಂತರ ಖರ್ಚು. ವಾರದಲ್ಲಿ 168 ಗಂಟೆಗಳಿವೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೂ ಒಂದು ಕುರ್ಚಿ ಸದಾ ತುಂಬಿರಲು ಮೂರೂವರೆ ಜನ ಬೇಕು. ಹತ್ತು ಕುರ್ಚಿಗಳಿಗೆ 35 ಮಂದಿ. ರಜೆ, ಕಾಯಿಲೆ, ತರಬೇತಿ ಸೇರಿಸಿದರೆ ಈ ಸಂಖ್ಯೆ 40 ದಾಟುತ್ತದೆ. ಇದರಲ್ಲಿ ಕೊರತೆಯಾದರೆ ಎಷ್ಟೇ ಒಳ್ಳೆಯ ಸಾಫ್ಟ್‌ವೇರ್ ಇದ್ದರೂ ಫೋನ್ ರಿಂಗಣಿಸುತ್ತಲೇ ಇರುತ್ತದೆ. ಅಮೆರಿಕದಲ್ಲಿ ಶೇ 90ರಷ್ಟು ತುರ್ತು ಕರೆಗಳನ್ನು 15 ಸೆಕೆಂಡ್‌ಗಳೊಳಗೆ ಸ್ವೀಕರಿಸಬೇಕು ಎಂಬ ಮಾನದಂಡವಿದೆ.

ಎಲ್ಲವನ್ನೂ ಒಂದೇ ಕಡೆ ತಂದರೆ ಇನ್ನೊಂದು ಅಪಾಯವಿದೆ. ಅಲ್ಲಿ ವಿದ್ಯುತ್ ಕೈಕೊಟ್ಟರೆ, ನೀರು ನುಗ್ಗಿದರೆ ಇಡೀ ರಾಜ್ಯದ ಕರೆಗಳು ನಿಲ್ಲುತ್ತವೆ. ಹಾಗಾಗಿ ದೂರದ ಊರಿನಲ್ಲಿ ಬದಲಿ ಕೇಂದ್ರ ಇರಲೇಬೇಕು. ಮಹಾರಾಷ್ಟ್ರದ ಮುಖ್ಯ ಕೇಂದ್ರ ನವಿ ಮುಂಬೈನಲ್ಲಿದ್ದರೆ, ಎರಡನೆಯದು ನಾಗ್ಪುರದಲ್ಲಿದೆ.

ಇಲಾಖೆಗಳು ಒಂದಾಗುವುದೇ ಸವಾಲು

ಹಲವು ರಾಜ್ಯಗಳಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕ ದಳ ಗೃಹ ಇಲಾಖೆಯಡಿ ಬಂದರೆ, ಆಂಬುಲೆನ್ಸ್ ಸಾಮಾನ್ಯವಾಗಿ ಆರೋಗ್ಯ ಇಲಾಖೆಯ ವ್ಯಾಪ್ತಿಗೆ ಸೇರುತ್ತದೆ. 108 ಸೇವೆ 112ಕ್ಕಿಂತ ಹಳೆಯದು. 2005ರಲ್ಲಿ ಹೈದರಾಬಾದ್‌ನಲ್ಲಿ ಆರಂಭವಾದ ಇದು 2008ರಲ್ಲಿ 'ಆರೋಗ್ಯ ಕವಚ' ಹೆಸರಿನಲ್ಲಿ ಕರ್ನಾಟಕಕ್ಕೂ ಬಂತು. ಇದಕ್ಕೆ ತನ್ನದೇ ಕರೆ ಕೇಂದ್ರ, ತನ್ನದೇ ಗುತ್ತಿಗೆ, ತನ್ನದೇ ಸಾಫ್ಟ್‌ವೇರ್. ಒಂದೇ ಕೇಂದ್ರದಿಂದ ಎಲ್ಲ ವಾಹನಗಳೂ ಹೊರಡುವಂತಿದ್ದರೆ ವಿವರವನ್ನು ಒಮ್ಮೆ ಹೇಳಿದರೆ ಸಾಕು. ಕರೆಯನ್ನು ಮತ್ತೊಂದು ಕೇಂದ್ರಕ್ಕೆ ವರ್ಗಾಯಿಸಬೇಕಾಗಿ ಬಂದರೆ ವಿಳಾಸವನ್ನು ಎರಡೆರಡು ಬಾರಿ ಹೇಳಬೇಕಾಗುತ್ತದೆ. ಹೃದಯಾಘಾತದಂಥ ಸಂದರ್ಭದಲ್ಲಿ ಈ ಒಂದೆರಡು ನಿಮಿಷವೂ ಮುಖ್ಯ.

ಅಮೆರಿಕದ ಕೌಂಟಿಗಳಲ್ಲೂ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕಗಳಲ್ಲೂ, ಇದೇ ಸಮಸ್ಯೆ. ಪ್ರತಿ ಪಟ್ಟಣದ ಪೊಲೀಸ್, ಅಗ್ನಿಶಾಮಕ ದಳ ಪ್ರತ್ಯೇಕವಾಗಿ ಕರೆ ಸ್ವೀಕರಿಸುತ್ತಿದ್ದ ಕಡೆಗಳಲ್ಲಿ ಅವನ್ನು ಸೇರಿಸಿ ಇಡೀ ಕೌಂಟಿಗೆ ಒಂದೇ ಕೇಂದ್ರ ಕಟ್ಟಲಾಗುತ್ತಿದೆ. ಯಾರು ಎಷ್ಟು ಹಣ ಕೊಡಬೇಕು, ಸಿಬ್ಬಂದಿ ಯಾರ ಅಧೀನದಲ್ಲಿರಬೇಕು ಎಂಬ ಚರ್ಚೆ ಅಲ್ಲೂ ಕಟ್ಟಡದ ಕೆಲಸಕ್ಕಿಂತ ಮೊದಲೇ ಶುರುವಾಗುತ್ತದೆ.

ಕರೆ ಮಾಡಿದವರ ಸ್ಥಳ ತಾನಾಗಿ ಗೊತ್ತಾಗುತ್ತದೆಯೇ?

ಮೊಬೈಲ್ ಟವರ್ ಆಧಾರದಲ್ಲಿ ಸಿಗುವ ಸ್ಥಳ ಅಂದಾಜಿನದ್ದು. ನಗರದಲ್ಲಿ ಅದು ಹಲವು ಬೀದಿಗಳನ್ನು, ಹಳ್ಳಿಗಾಡಿನಲ್ಲಿ ಕೆಲವು ಕಿಲೋಮೀಟರ್‌ಗಳನ್ನು ಒಳಗೊಳ್ಳಬಹುದು. ಫೋನ್‌ನ ಜಿಪಿಎಸ್ ಮಾಹಿತಿ ಕೇಂದ್ರಕ್ಕೆ ತಲುಪಿದರಷ್ಟೇ ನಿಖರತೆ ಹೆಚ್ಚುತ್ತದೆ. ಯುರೋಪ್‌ನಲ್ಲಿ 2022ರ ಮಾರ್ಚ್‌ನಿಂದ ಮಾರಾಟವಾಗುವ ಸ್ಮಾರ್ಟ್‌ಫೋನ್‌ಗಳಲ್ಲಿ ಈ ಸೌಲಭ್ಯ ಕಡ್ಡಾಯ. ಹಾಗಾಗಿ ಯಂತ್ರವನ್ನು ನೆಚ್ಚಿಕೊಳ್ಳದೆ ವಿಳಾಸವನ್ನು ಬಾಯಿಂದಲೇ ಹೇಳುವುದು ಸುರಕ್ಷಿತ.

ಹೊರರಾಜ್ಯದ ಕನ್ನಡಿಗರು ಗಮನಿಸಬೇಕಾದ ಅಂಶಗಳು

* ಕರೆ ಯಾವ ರಾಜ್ಯಕ್ಕೆ ಹೋಗಬೇಕು ಎಂಬುದನ್ನು ನಿರ್ಧರಿಸುವುದು ನೀವಿರುವ ಜಾಗ, ಸಿಮ್ ಅಲ್ಲ. ಕರ್ನಾಟಕದ ಸಿಮ್‌ನಿಂದ ಪುಣೆಯಲ್ಲಿ 112 ಒತ್ತಿದರೂ ಕರೆ ಹೋಗುವುದು ಮಹಾರಾಷ್ಟ್ರದ ಕೇಂದ್ರಕ್ಕೆ.

* ಇದೇ ಕಾರಣಕ್ಕೆ ಮುಂಬೈನಿಂದ ಮಾಡಿದ ಕರೆ ಹುಬ್ಬಳ್ಳಿಗೆ ನೇರವಾಗಿ ಹೋಗುವುದಿಲ್ಲ. ಊರಿನಲ್ಲಿರುವ ಹೆತ್ತವರಿಗೆ ನೆರವು ಬೇಕಾದರೆ, ಮೊದಲು ಅಲ್ಲಿನ ನೆರೆಹೊರೆಯವರಿಗೆ ಕರೆ ಮಾಡಿ, ಅವರಿಂದಲೇ 112 ಅಥವಾ 108ಕ್ಕೆ ಹೇಳಿಸುವುದು ಬೇಗ ಆಗುವ ದಾರಿ. ಇಬ್ಬರು ನೆರೆಹೊರೆಯವರು, ಹತ್ತಿರದ ಆಸ್ಪತ್ರೆ ಮತ್ತು ಪೊಲೀಸ್ ಠಾಣೆಯ ಸ್ಥಿರ ದೂರವಾಣಿ ಸಂಖ್ಯೆಗಳನ್ನು ಎಸ್‌ಟಿಡಿ ಕೋಡ್ ಸಹಿತ ಉಳಿಸಿಕೊಂಡಿರಿ.

* ಕೇಂದ್ರಗಳಲ್ಲಿ ಆಯಾ ರಾಜ್ಯದ ಭಾಷೆಗೇ ಆದ್ಯತೆ. ಚೆನ್ನೈ ಅಥವಾ ದೆಹಲಿಯಲ್ಲಿ ಕನ್ನಡ ಬಲ್ಲವರು ಸಿಗುತ್ತಾರೆ ಎಂದುಕೊಳ್ಳುವಂತಿಲ್ಲ. ಊರಿನಿಂದ ಬಂದ ಹಿರಿಯರು ಹಗಲು ಮನೆಯಲ್ಲಿ ಒಬ್ಬರೇ ಇರುತ್ತಾರೆ ಎಂದಾದರೆ, ಕಟ್ಟಡದ ಹೆಸರು, ಮಹಡಿ, ಹತ್ತಿರದ ಗುರುತುಗಳನ್ನು ಅಲ್ಲಿನ ಭಾಷೆಯಲ್ಲಿ ಹೇಗೆ ಹೇಳಬೇಕೆಂದು ಕನ್ನಡ ಲಿಪಿಯಲ್ಲೇ ಬರೆದು ಗೋಡೆಗೆ ಅಂಟಿಸಿ.

* ಕರೆ ಮಾಡಿದಾಗ ಮೊದಲು ಸ್ಥಳ ಹೇಳಿ, ನಂತರ ಘಟನೆ. ನಡುವೆ ಕರೆ ಕಡಿತಗೊಂಡರೂ ವಾಹನ ಎಲ್ಲಿಗೆ ಹೋಗಬೇಕೆಂಬುದು ಆ ಹೊತ್ತಿಗೆ ದಾಖಲಾಗಿರುತ್ತದೆ.

* ತಪ್ಪಿ 112 ಒತ್ತಿದ್ದರೆ ತಕ್ಷಣ ಕಡಿತಗೊಳಿಸಬೇಡಿ. ತಪ್ಪಾಗಿ ಬಂತು ಎಂದು ಹೇಳಿ ಇಡಿ. ಇಲ್ಲದಿದ್ದರೆ ಸಿಬ್ಬಂದಿ ಮರಳಿ ಕರೆ ಮಾಡಿ ವಿಚಾರಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ ನಿಜವಾಗಿ ಕಷ್ಟದಲ್ಲಿರುವ ಇನ್ನೊಬ್ಬರ ಕರೆ ಕಾಯುತ್ತಿರಬಹುದು.